ಎಂಟೂವರೆ ಸಾವಿರ ಕೈಗಳು: ನ್ಯೂಯಾರ್ಕಿನ ‘ಟಚ್ ಸ್ಯಾನಿಟೇಷನ್’ ಕಲಾಕೃತಿಯ ಪ್ರಕರಣ ಅಧ್ಯಯನ

ನ್ಯೂಯಾರ್ಕ್ ನಗರದ ನೈರ್ಮಲ್ಯ ಇಲಾಖೆಯ ಗ್ಯಾರೇಜುಗಳಲ್ಲಿ ಆಗ ಹಗಲು ಪಾಳಿ ಶುರುವಾಗುತ್ತಿದ್ದುದು ಬೆಳಗಿನ 6 ಗಂಟೆಯ ಹಾಜರಿಯಿಂದ. 1979ರ ಜುಲೈ 24ರಿಂದ 1980ರ ಜೂನ್ 26ರವರೆಗಿನ ಹನ್ನೊಂದು ತಿಂಗಳಲ್ಲಿ, ನಗರದ ಒಂದಲ್ಲ ಒಂದು ಗ್ಯಾರೇಜಿನಲ್ಲಿ, ಈ ಹಾಜರಿಯ ಹೊತ್ತಿಗೆ ನಲವತ್ತರ ಅಂಚಿನ ಒಬ್ಬ ಮಹಿಳೆ ಬಂದು ನಿಲ್ಲುತ್ತಿದ್ದರು. ಅವರು ಇಲಾಖೆಯ ಅಧಿಕಾರಿಯಾಗಿರಲಿಲ್ಲ, ಪತ್ರಕರ್ತೆಯಾಗಿರಲಿಲ್ಲ, ಸಮೀಕ್ಷೆಗೆ ಬಂದವರೂ ಆಗಿರಲಿಲ್ಲ. ಒಬ್ಬೊಬ್ಬ ಕಾರ್ಮಿಕನ ಎದುರಿಗೂ ನಿಂತು, ಮುಖ ನೋಡಿ, ಕೈ ಕುಲುಕಿ, ‘ನ್ಯೂಯಾರ್ಕ್ ನಗರವನ್ನು ಜೀವಂತವಾಗಿ ಇಟ್ಟಿದ್ದಕ್ಕೆ ಧನ್ಯವಾದ’ ಎನ್ನುವುದಷ್ಟೇ ಅವರು ಮಾಡುತ್ತಿದ್ದ ಕೆಲಸ. ಹೀಗೆ ಅವರು ಕೈ ಕುಲುಕಿದ ಕಾರ್ಮಿಕರ ಸಂಖ್ಯೆ 8,500. ಅಂದರೆ ಆಗ ಇಲಾಖೆಯಲ್ಲಿ ಕಸ ಎತ್ತುವ, ಗುಡಿಸುವ, ಸಾಗಿಸುವ, ಸುರಿಯುವ ಕೆಲಸದಲ್ಲಿದ್ದ ಎಲ್ಲರೂ.

ಆ ಮಹಿಳೆ ಅಮೆರಿಕದ ಕಲಾವಿದೆ ಮಿಯರ್ಲ್ ಲೇಡರ್‌ಮನ್ ಯುಕಲೀಸ್. ಕೃತಿಯ ಹೆಸರು ‘ಟಚ್ ಸ್ಯಾನಿಟೇಷನ್’. ಜನರ ನಡುವಿನ ಒಡನಾಟವನ್ನೇ ಮಾಧ್ಯಮವಾಗಿ ಬಳಸುವ ಸಮಕಾಲೀನ ಕಲೆಯ ಬಗ್ಗೆ ಮಾತು ಬಂದಾಗಲೆಲ್ಲ ಈ ಕೈಕುಲುಕನ್ನು ಒಂದು ಸುಂದರ ಸಂಕೇತವೆಂಬಂತೆ ಉಲ್ಲೇಖಿಸಿ ಮುಂದೆ ಹೋಗುವ ರೂಢಿಯಿದೆ. ನನ್ನ ಅಭಿಪ್ರಾಯದಲ್ಲಿ ಈ ಕೃತಿಯ ಜೀವಾಳ ಕೈಕುಲುಕಿನಲ್ಲಿಲ್ಲ. ಕೈಕುಲುಕು ಬಾಗಿಲು ತೆರೆಯುವ ಕೀಲಿ ಮಾತ್ರ. ಬಾಗಿಲು ತೆರೆದ ಮೇಲೆ ಒಳಗಿನಿಂದ ಬಂದ ಮಾತನ್ನು ಯುಕಲೀಸ್ ಏನು ಮಾಡಿದರು ಎಂಬುದನ್ನು ಹಿಂಬಾಲಿಸಿದಾಗಲೇ ಪ್ರಕರಣ ಪೂರ್ತಿಯಾಗಿ ಕಾಣುತ್ತದೆ, ಮತ್ತು ಅದಕ್ಕಾಗಿ 1984ರವರೆಗೆ ಹೋಗಬೇಕಾಗುತ್ತದೆ.

ಮೊದಲು ಹಿನ್ನೆಲೆ. ಯುಕಲೀಸ್ ಹುಟ್ಟಿದ್ದು 1939ರಲ್ಲಿ, ಡೆನ್ವರ್ ನಗರದಲ್ಲಿ. ತಂದೆ ಯಹೂದಿ ಧರ್ಮಗುರು. ನ್ಯೂಯಾರ್ಕಿನ ಪ್ರ್ಯಾಟ್ ಸಂಸ್ಥೆಯಲ್ಲಿ ಕಲೆ ಓದಿದ ಅವರಿಗೆ 1968ರಲ್ಲಿ ಮೊದಲ ಮಗು ಹುಟ್ಟಿತು. ಮಗುವಿನ ಬಟ್ಟೆ ಒಗೆಯುವುದು, ಊಟ ಮಾಡಿಸುವುದು, ನೆಲ ಒರೆಸುವುದು, ಮತ್ತೆ ಬಟ್ಟೆ ಒಗೆಯುವುದು: ದಿನವೆಲ್ಲ ದುಡಿದರೂ ಸಂಜೆಗೆ ‘ಇದನ್ನು ಮಾಡಿದೆ’ ಎಂದು ತೋರಿಸಲು ಏನೂ ಉಳಿಯದ ಈ ಕೆಲಸಕ್ಕೂ, ಹೊಸದನ್ನು ಸೃಷ್ಟಿಸುವುದೇ ಕಲೆ ಎಂದು ಕಲಿಸಿದ್ದ ಗುರುಗಳ ಪಾಠಕ್ಕೂ ಹೊಂದಾಣಿಕೆಯೇ ಆಗಲಿಲ್ಲ. 1969ರಲ್ಲಿ ಅವರು ಒಂದು ಪ್ರಣಾಳಿಕೆ ಬರೆದರು. ಜಗತ್ತಿನ ದುಡಿಮೆ ಎರಡು ಬಗೆಯದು, ಒಂದು ಅಭಿವೃದ್ಧಿ, ಇನ್ನೊಂದು ನಿರ್ವಹಣೆ; ಅಭಿವೃದ್ಧಿಗೆ ಕೀರ್ತಿ ಸಿಗುತ್ತದೆ, ನಿರ್ವಹಣೆ ಇಡೀ ಹೊತ್ತನ್ನು ನುಂಗುತ್ತದೆ; ಇನ್ನು ಮುಂದೆ ತಾನು ಮಾಡುವ ನಿರ್ವಹಣೆಯ ಕೆಲಸವೇ ತನ್ನ ಕಲೆ ಎಂಬುದು ಅದರ ತಿರುಳು. ಕ್ರಾಂತಿ ಮುಗಿದ ಮೇಲೆ ಸೋಮವಾರ ಬೆಳಗ್ಗೆ ಕಸ ಎತ್ತುವವರು ಯಾರು ಎಂಬ ಅದರ ಪ್ರಶ್ನೆ ಇಂದಿಗೂ ಪ್ರಸಿದ್ಧ. ‘ಮೆಂಟೆನೆನ್ಸ್’ ಎಂಬ ಪದ ಇಂದು ನಮ್ಮ ಕಿವಿಗೆ ಅಪಾರ್ಟ್‌ಮೆಂಟಿನ ತಿಂಗಳ ಶುಲ್ಕದಂತೆ ಕೇಳಿಸುತ್ತದೆ. ಯುಕಲೀಸ್ ಹೇಳುತ್ತಿದ್ದುದಕ್ಕೆ ಕನ್ನಡದಲ್ಲಿ ಹತ್ತಿರದ ಪದ ‘ಮನೆವಾರ್ತೆ’ ಎಂದು ನನಗನ್ನಿಸುತ್ತದೆ, ಮನೆಯ ಜಾಗದಲ್ಲಿ ಊರನ್ನು ಇಟ್ಟುಕೊಂಡರೆ.

1973ರಲ್ಲಿ ಅವರು ಹಾರ್ಟ್‌ಫರ್ಡಿನ ವಾಡ್ಸ್‌ವರ್ತ್ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನೂ ನೆಲವನ್ನೂ ಗಂಟೆಗಟ್ಟಲೆ ಮಂಡಿಯೂರಿ ತೊಳೆದರು. 1976ರಲ್ಲಿ ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ, ವಿಟ್ನಿ ವಸ್ತುಸಂಗ್ರಹಾಲಯದ ಶಾಖೆಯಿದ್ದ ಗಗನಚುಂಬಿಯೊಂದರಲ್ಲಿ, ಕಟ್ಟಡವನ್ನು ಸ್ವಚ್ಛವಾಗಿಡುವ 300 ಮಂದಿ ನೌಕರರನ್ನು ಜೊತೆಗೆ ಸೇರಿಸಿಕೊಂಡರು. ದಿನಕ್ಕೆ ಒಂದು ಗಂಟೆ, ತಾವು ಮಾಡುತ್ತಿರುವ ಮಾಮೂಲಿ ಕೆಲಸವನ್ನೇ ಕಲೆಯೆಂದು ಭಾವಿಸಿ ಮಾಡುವಂತೆ ಅವರನ್ನು ಕೋರಿದರು. ಪೊಲರಾಯ್ಡ್ ಚಿತ್ರ ತೆಗೆದು, ಆ ಕ್ಷಣದಲ್ಲಿ ಮಾಡುತ್ತಿದ್ದುದು ಕೆಲಸವೋ ಕಲೆಯೋ ಎಂದು ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ ಚೀಟಿ ಅಂಟಿಸಿ ಗೋಡೆಗೆ ಹಾಕಿದರು. ತೀರ್ಪು ಕೊಡುವ ಅಧಿಕಾರವನ್ನು ಕಲಾವಿದೆ ನೌಕರನ ಕೈಗೆ ದಾಟಿಸಿದ್ದು ಇಲ್ಲಿನ ಹೊಸತನ.

ಮುಂದಿನ ಹೆಜ್ಜೆಗೆ ಕಾರಣವಾದದ್ದು ಒಂದು ಕುಹಕ. 1975ರಲ್ಲಿ ನ್ಯೂಯಾರ್ಕ್ ನಗರಾಡಳಿತ ದಿವಾಳಿಯ ಅಂಚಿಗೆ ಬಂದು, ಸಾವಿರಾರು ನೌಕರರನ್ನು ಮನೆಗೆ ಕಳಿಸಿತ್ತು. ಅವರಲ್ಲಿ ನೈರ್ಮಲ್ಯ ಕಾರ್ಮಿಕರೂ ದೊಡ್ಡ ಸಂಖ್ಯೆಯಲ್ಲಿದ್ದರು. ಈ ಹಿನ್ನೆಲೆಯಲ್ಲಿ 1976ರ ಆ ಪ್ರದರ್ಶನದ ವಿಮರ್ಶೆ ಬರೆದ ಡೇವಿಡ್ ಬೋರ್ಡನ್, ನೈರ್ಮಲ್ಯ ಇಲಾಖೆಯೂ ತನ್ನ ದಿನನಿತ್ಯದ ಕೆಲಸವನ್ನು ಕಲಾಪ್ರದರ್ಶನವೆಂದು ಕರೆದುಕೊಂಡರೆ ಕಲೆಗೆ ಮೀಸಲಾದ ಕೇಂದ್ರ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಬಹುದೇನೋ ಎಂದು ತಮಾಷೆ ಮಾಡಿದರು. ಯುಕಲೀಸ್ ಆ ತಮಾಷೆಯನ್ನು ನಿಜವೆಂದೇ ತೆಗೆದುಕೊಂಡು, ವಿಮರ್ಶೆಯ ಪ್ರತಿಯನ್ನು ಇಲಾಖೆಯ ಆಯುಕ್ತರಿಗೆ ಕಳಿಸಿಬಿಟ್ಟರು. ಹತ್ತು ಸಾವಿರ ಮಂದಿಯ ಜೊತೆ ಕಲಾಕೃತಿ ಮಾಡುತ್ತೀರಾ ಎಂಬ ಪ್ರಶ್ನೆ ಇಲಾಖೆಯಿಂದ ಬಂತು. 1977ರಲ್ಲಿ ಅವರು ಅದೇ ಇಲಾಖೆಯ ನಿವಾಸಿ ಕಲಾವಿದೆಯಾದರು, ಅಂದರೆ ಇಲಾಖೆಯೊಳಗೇ ಇದ್ದು ಕೃತಿ ರಚಿಸುವ ಕಲಾವಿದೆ. ಸಂಬಳವಿಲ್ಲದ ಹುದ್ದೆ, ಆದರೆ ಕಚೇರಿಯೊಳಗೆ ಜಾಗ ಸಿಕ್ಕಿತು, ಅದಕ್ಕಿಂತ ಮುಖ್ಯವಾಗಿ ಎಲ್ಲ ಗ್ಯಾರೇಜುಗಳೊಳಗೆ ಪ್ರವೇಶ ಸಿಕ್ಕಿತು.

ಕೃತಿಯನ್ನು ರೂಪಿಸಲು ಎರಡು ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು. ಐದು ಬರೋಗಳ, ಅಂದರೆ ನಗರದ ಐದು ಆಡಳಿತ ವಿಭಾಗಗಳ, 59 ನೈರ್ಮಲ್ಯ ಜಿಲ್ಲೆಗಳು, ಅವುಗಳ ಗ್ಯಾರೇಜುಗಳು, ಕಾರ್ಮಿಕರು ಹಾಜರಿ ಹಾಕಿ ಊಟ ಮಾಡುವ ಚಿಕ್ಕ ಠಾಣೆಗಳು, ಲಾರಿಗಳು ಕಸವನ್ನು ದೋಣಿಗಳಿಗೆ ಸುರಿಯುವ ನದಿದಂಡೆಯ ವರ್ಗಾವಣೆ ಕೇಂದ್ರಗಳು, ಆ ದೋಣಿಗಳು ಹೋಗಿ ಸೇರುವ ಕಸದ ಗುಡ್ಡಗಳು: ಇವೆಲ್ಲವನ್ನೂ ನಕ್ಷೆಯಲ್ಲಿಟ್ಟು, ಇಡೀ ನಗರವನ್ನು ಹತ್ತು ಸುತ್ತುಗಳಲ್ಲಿ ಮುಗಿಸುವ ಯೋಜನೆಯನ್ನು ಅವರು ಹಾಕಿಕೊಂಡರು. ಸುತ್ತಿಗೆ ಅವರಿಟ್ಟ ಹೆಸರು ‘ಸ್ವೀಪ್’, ಅಂದರೆ ಒಂದು ಸಲದ ಗುಡಿಸು. ಒಂದು ದಿನವೂ ಬಿಡದೆ ಹೋಗಿದ್ದರೂ ದಿನಕ್ಕೆ ಸರಾಸರಿ 25 ಮಂದಿ ಎಂದು ಲೆಕ್ಕ ಬೀಳುತ್ತದೆ. ಎಂಟು ಗಂಟೆಯ ಒಂದು ಪಾಳಿ ಮುಗಿದ ಮೇಲೆ ಮತ್ತೊಂದು ಪಾಳಿಯವರೊಂದಿಗೆ ಹೊರಟ ದಿನಗಳೂ ಇದ್ದವು. ಕಾರ್ಮಿಕರಿಗೆ ಬರೆದ ಪತ್ರದಲ್ಲಿ ಅವರು ತಮ್ಮ ಉದ್ದೇಶವನ್ನು ಸ್ಪಷ್ಟಪಡಿಸಿದ್ದರು: ನಿಮ್ಮನ್ನು ಗಮನಿಸಲು, ಅಧ್ಯಯನ ಮಾಡಲು, ಅಳೆಯಲು, ತೀರ್ಪು ಕೊಡಲು ಬಂದವಳಲ್ಲ, ಎಲ್ಲ ಪಾಳಿಗಳಲ್ಲಿ, ಎಲ್ಲ ಋತುಗಳಲ್ಲಿ ನಿಮ್ಮೊಂದಿಗೆ ಇರಲು, ಊರನ್ನು ನಿಮ್ಮೊಂದಿಗೆ ನಡೆದು ಮುಗಿಸಲು ಬಂದವಳು. ಉತ್ಪಾದಕತೆಯ ಹೆಸರಿನಲ್ಲಿ ಗಡಿಯಾರ ಹಿಡಿದು ಬರುವವರಿಗೆ ಹೆದರುತ್ತಿದ್ದ ಕಾರ್ಮಿಕರಿಗೆ ಈ ಮಾತು ಬೇಕಿತ್ತು.

ಕೈಕುಲುಕಿನ ಜೊತೆಗೆ ಇನ್ನೊಂದು ಕ್ರಿಯೆಯೂ ಇತ್ತು. ಕಸದ ಲಾರಿಯ ಹಿಂದೆ ಕಾರ್ಮಿಕ ನಡೆಯುವಾಗ ಯುಕಲೀಸ್ ಅವನ ಹಿಂದೆ ನಡೆಯುತ್ತ ಅವನ ಚಲನೆಯನ್ನೇ ತಮ್ಮ ಮೈಯಲ್ಲಿ ಪುನರಾವರ್ತಿಸುತ್ತಿದ್ದರು. ಬಗ್ಗುವುದು, ಎರಡು ಕೈಯಲ್ಲಿ ಎತ್ತುವುದು, ಸೊಂಟ ತಿರುಗಿಸುವುದು, ತೊಡೆಯ ಆಸರೆ ಕೊಟ್ಟು ಲಾರಿಯ ಬಾಯಿಗೆ ಎಸೆಯುವುದು, ಮತ್ತೆ ಬಗ್ಗುವುದು. ಅವರ ಕೈಯಲ್ಲಿ ಕಸ ಇರುತ್ತಿರಲಿಲ್ಲ. ಚಲನೆ ಮಾತ್ರ ಇರುತ್ತಿತ್ತು. ಛಾಯಾಚಿತ್ರಗಳಲ್ಲಿ ಇದು ನೃತ್ಯದಂತೆ ಕಾಣುತ್ತದೆ, ಕೆಲವರಿಗೆ ಅಣಕದಂತೆಯೂ ಕಂಡೀತು. ಆದರೆ ಕಸದ ಡಬ್ಬಿಯ ಭಾರವನ್ನು ಬೆನ್ನು ಹೇಗೆ ಹಂಚಿಕೊಳ್ಳುತ್ತದೆ ಎಂಬುದಕ್ಕೆ ಒಂದು ಕೌಶಲವಿದೆ, ಆ ಕೌಶಲ ವರ್ಷಗಟ್ಟಲೆಯ ಪೆಟ್ಟು ತಿಂದು ಬಂದದ್ದು ಎಂಬುದನ್ನು ನಿಂತು ನೋಡುವ ಕಣ್ಣು ಹಿಡಿಯಲಾರದು. ಅಮೆರಿಕದಲ್ಲಿ ಅತಿ ಹೆಚ್ಚು ಗಾಯಗಳಾಗುವ ಉದ್ಯೋಗಗಳಲ್ಲಿ ಇದೂ ಒಂದಾಗಿತ್ತು.

ಈ ನಡಿಗೆಯ ನಡುವೆ, ಊಟದ ಬಿಡುವಿನಲ್ಲಿ, ಲಾರಿಯ ಮುಂದಿನ ಸೀಟಿನಲ್ಲಿ, ಅವರಿಗೆ ಕಥೆಗಳು ಸಿಕ್ಕವು. ಕಾರ್ಮಿಕರ ಠಾಣೆಗಳಲ್ಲಿ ಕುರ್ಚಿ, ಮೇಜುಗಳೂ ಕಸದಿಂದ ಹೆಕ್ಕಿ ತಂದವೇ ಆಗಿದ್ದವು. ಹಾಗೆ ಹೆಕ್ಕಿದ ವಸ್ತುವಿಗೆ ಅವರ ಬಾಯಲ್ಲಿ ‘ಮೊಂಗೊ’ ಎಂಬ ಹೆಸರಿತ್ತು. ಊರಿನ ಕಸ ತೆಗೆಯುವವರಿಗೆ ಊರು ಕೊಟ್ಟಿದ್ದ ಪೀಠೋಪಕರಣ ಕಸವೇ. ತಮ್ಮನ್ನು ‘ಗಾರ್ಬೇಜ್‌ಮನ್’ ಎಂದು ಕರೆಯುವುದರ ಬಗ್ಗೆ ಅವರಿಗಿದ್ದ ಸಿಟ್ಟು ಮತ್ತೆ ಮತ್ತೆ ಕೇಳಿಬಂತು. ಅವರು ತಮ್ಮನ್ನು ಕರೆದುಕೊಳ್ಳುತ್ತಿದ್ದುದು ‘ಸ್ಯಾನ್‌ಮನ್’ ಎಂದು, ಅಂದರೆ ನೈರ್ಮಲ್ಯದವನು. ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿದೊಡನೆ ‘ಕಸದವರು ಬಂದರು’ ಎಂದು ಕೂಗುವ ನಮಗೆ ಈ ಸಿಟ್ಟು ಬಿಡಿಸಿ ಹೇಳಬೇಕಾದದ್ದಲ್ಲ. ಕಸ ನಮ್ಮದು, ಹೆಸರು ಅವರಿಗೆ. ಕನ್ನಡದಲ್ಲಿ ‘ಪೌರಕಾರ್ಮಿಕ’ ಎಂಬ ಗೌರವದ ಪದ ಆಡಳಿತದ ಕಡತಗಳಲ್ಲಿ ಭದ್ರವಾಗಿದೆ, ಬೀದಿಯ ಬಾಯಿಗೆ ಇನ್ನೂ ಪೂರ್ತಿ ಬಂದಿಲ್ಲ.

ಆ ಕಥೆಗಳಲ್ಲಿ ಒಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಬ್ರೂಕ್ಲಿನ್‌ನ ಒಬ್ಬ ಕಾರ್ಮಿಕ ಯುಕಲೀಸ್ ಅವರಿಗೆ ಹದಿನೇಳು ವರ್ಷ ಹಿಂದಿನ ಒಂದು ದಿನದ ಬಗ್ಗೆ ಹೇಳಿದ. ಬಿಸಿಲು ವಿಪರೀತವಾಗಿದ್ದ ದಿನ. ಲಾರಿಗೆ ಕಸ ತುಂಬಿ ದಣಿದ ಅವನೂ ಅವನ ಜೊತೆಗಾರನೂ ಒಂದು ಮನೆಯ ಮುಂದಿನ ಮೆಟ್ಟಿಲ ಮೇಲೆ ಒಂದು ಕ್ಷಣ ಕುಳಿತರು. ಮನೆಯೊಡತಿ ಬಾಗಿಲು ತೆರೆದು, ನಾರುವ ಕಸದವರೇ, ಇಲ್ಲಿಂದ ಏಳಿ, ನನ್ನ ಮೆಟ್ಟಿಲನ್ನು ನಾರಿಸಬೇಡಿ ಎಂದಳು. ಅವರು ಎದ್ದು ಹೋದರು. ಆ ಮಾತು ಹದಿನೇಳು ವರ್ಷ ತನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಇವತ್ತು ನೀನು ಅದನ್ನು ಅಳಿಸಿದೆ ಎಂದು ಆ ಕಾರ್ಮಿಕ ಹೇಳಿದ. ಆಮೇಲೆ, ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದ.

‘ಅಳಿಸಿದೆ’ ಎಂಬ ಮಾತನ್ನು ಹಿಡಿದುಕೊಂಡು, ಒಂದು ಧನ್ಯವಾದ ಹದಿನೇಳು ವರ್ಷದ ಗಾಯವನ್ನು ಮಾಯಿಸಿತು ಎಂದು ಈ ಪ್ರಸಂಗವನ್ನು ಮುಗಿಸುವುದು ಸುಲಭ, ಹಲವರು ಹಾಗೆ ಮುಗಿಸಿಯೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಎರಡನೆಯ ಮಾತು. ಅಳಿಸಿ ಹೋಗಿದ್ದರೆ ನೆನಪಿಟ್ಟುಕೋ ಎಂದು ಕೇಳುವ ಅಗತ್ಯವೇನಿತ್ತು? ಅವನು ಹೊತ್ತಿದ್ದ ಅವಮಾನವನ್ನು ಇನ್ನೊಬ್ಬರ ವಶಕ್ಕೆ ಕೊಡುತ್ತಿದ್ದ. ಅದನ್ನು ಸ್ವೀಕರಿಸಿದವರ ಮೇಲೆ ಒಂದು ಹೊಣೆ ಬಿತ್ತು.

ಕನ್ನಡದ ಓದುಗರಿಗೆ ಇಲ್ಲಿ ಕೃತಿಯ ಹೆಸರೇ ಬೇರೊಂದು ದಿಕ್ಕಿನಲ್ಲಿ ಕೇಳಿಸುತ್ತದೆ. ‘ಟಚ್’ ಎಂದರೆ ಮುಟ್ಟುವುದು. ಮುಟ್ಟುವುದು ಎಂಬ ಪದಕ್ಕೆ ನಮ್ಮಲ್ಲಿರುವ ಚರಿತ್ರೆ ನ್ಯೂಯಾರ್ಕಿನಲ್ಲಿ ಇಲ್ಲ. ಅಲ್ಲಿನ ಸ್ಯಾನ್‌ಮನ್ ಯೂನಿಯನ್ನಿನ ಬಲವಿದ್ದ ಸರ್ಕಾರಿ ನೌಕರ, 1968ರ ಫೆಬ್ರುವರಿಯಲ್ಲಿ ಒಂಬತ್ತು ದಿನ ಮುಷ್ಕರ ಹೂಡಿ ಊರನ್ನೇ ಕಸದಲ್ಲಿ ಮುಳುಗಿಸಿದವನು; ಅವನ ಅವಮಾನ ಉದ್ಯೋಗದಿಂದ ಬಂದದ್ದು, ಹುಟ್ಟಿನಿಂದ ಬಂದದ್ದಲ್ಲ. 1970ರ ದಶಕದಲ್ಲಿ ಕರ್ನಾಟಕದಲ್ಲಿ ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಹೋರಾಡಬೇಕಾಗಿತ್ತು. ಆದ್ದರಿಂದ ಈ ಕೃತಿಯನ್ನು ಇದ್ದ ಹಾಗೆಯೇ ಎತ್ತಿ ತಂದು ನಮ್ಮ ಊರಿನಲ್ಲಿ ನೆಡುವ ಉತ್ಸಾಹ ಯಾರಿಗಾದರೂ ಬಂದರೆ, ಕೈಕುಲುಕಿನ ಭಾರ ಇಲ್ಲಿ ಬೇರೆಯೇ ಆಗುತ್ತದೆ ಎಂಬುದನ್ನು ಅವರು ಮೊದಲು ಯೋಚಿಸಬೇಕು. ಪೌರಕಾರ್ಮಿಕರ ಪಾದ ತೊಳೆದು ಫೋಟೊ ತೆಗೆಸಿಕೊಳ್ಳುವ ಸಮಾರಂಭಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಕಲಾಚರಿತ್ರೆಯಲ್ಲಿ ಇಂಥ ಕೃತಿಗಳ ಬಗ್ಗೆ ಸಿದ್ಧಾಂತ ಬಂದದ್ದು ತಡವಾಗಿ. 1998ರಲ್ಲಿ ಫ್ರಾನ್ಸಿನ ವಿಮರ್ಶಕ ನಿಕೊಲಾ ಬೂರಿಯೊ, ಮನುಷ್ಯ ಸಂಬಂಧಗಳನ್ನೇ ಕಲೆಯ ವಸ್ತುವಾಗಿ ಬಳಸುವ ಕಲಾವಿದರನ್ನು ಒಂದು ಹೆಸರಿನಡಿ ಸೇರಿಸಿ ಚರ್ಚಿಸಿದರು. ಆ ಚರ್ಚೆಯ ಮಾದರಿ ಕೃತಿಯೆಂದರೆ ಥಾಯ್ ಮೂಲದ ರಿರ್ಕ್ರಿತ್ ತಿರವನಿಜ 1992ರಲ್ಲಿ ನ್ಯೂಯಾರ್ಕಿನ ಗ್ಯಾಲರಿಯೊಂದರಲ್ಲಿ ಅಡುಗೆ ಮಾಡಿ, ಬಂದವರಿಗೆಲ್ಲ ಪುಕ್ಕಟೆಯಾಗಿ ಅನ್ನ, ಸಾರು ಬಡಿಸಿದ್ದು. 2004ರಲ್ಲಿ ಬ್ರಿಟಿಷ್ ವಿದ್ವಾಂಸೆ ಕ್ಲೇರ್ ಬಿಷಪ್ ಇದಕ್ಕೆ ಎತ್ತಿದ ಆಕ್ಷೇಪ ಗಟ್ಟಿಯಾದದ್ದು: ಇಲ್ಲಿ ಏರ್ಪಡುವ ಸಂಬಂಧ ಯಾರ ನಡುವೆ, ಯಾಕಾಗಿ ಎಂದು ಕೇಳಬೇಕು, ಗ್ಯಾಲರಿಗೆ ಬರುವವರು ಆಗಲೇ ಒಂದೇ ಬಳಗದವರಾಗಿದ್ದರೆ ಆ ಊಟದಲ್ಲಿ ಘರ್ಷಣೆಗೆ ಜಾಗವೇ ಇರುವುದಿಲ್ಲ. ಈ ಪ್ರಶ್ನೆಯನ್ನು ಯುಕಲೀಸ್ ಅವರ ಕೃತಿಗೆ ಹಾಕಿದರೆ ಸಿಗುವ ಉತ್ತರ ಬೇರೆ. ಇಲ್ಲಿ ಪ್ರೇಕ್ಷಕ ಕಲಾವಿದೆಯ ಬಳಿಗೆ ಬರಲಿಲ್ಲ, ಕಲಾವಿದೆಯೇ ಪಾಳಿಯ ಹೊತ್ತಿಗೆ ಎದ್ದು ಹೋದರು. ಬಂದವರಿಗೆ ಎಂಬ ನಿಯಮದ ಜಾಗದಲ್ಲಿ ಒಬ್ಬರನ್ನೂ ಬಿಡದೆ ಎಂಬ ನಿಯಮವಿತ್ತು. ಕೈ ಕೊಡಲು ಇಷ್ಟಪಡುವ ನೂರು ಮಂದಿಯನ್ನು ಆರಿಸಿಕೊಂಡಿದ್ದರೆ ಒಂದು ಚೆಂದದ ಪ್ರದರ್ಶನ ಆಗುತ್ತಿತ್ತು. ಮುಂಗೋಪಿ, ಸಂಶಯಗ್ರಸ್ತ, ಉದಾಸೀನ, ಅಶ್ಲೀಲ ತಮಾಷೆಯವನು, ಎಲ್ಲರ ಎದುರಿಗೂ ಅದೇ ವಾಕ್ಯವನ್ನು ಅದೇ ಶ್ರದ್ಧೆಯಿಂದ ಹೇಳಬೇಕೆಂಬ ಕಟ್ಟುಪಾಡು ಕೃತಿಯನ್ನು ಮನೆವಾರ್ತೆಯ ಸಾಲಿಗೆ ಸೇರಿಸಿತು: ನಿನ್ನೆ ಮಾಡಿದ್ದನ್ನೇ ಇಂದೂ ಮಾಡಬೇಕು, ನಾಳೆಯೂ ಮಾಡಬೇಕು.

ಹಾಗೆಂದು ಕೃತಿಗೆ ಮಿತಿಗಳಿಲ್ಲವೆಂದಲ್ಲ. ನೌಕರರನ್ನು ಕಡಿತಗೊಳಿಸಿದ, ಜನರ ಬೈಗುಳ ತಿನ್ನುತ್ತಿದ್ದ ಇಲಾಖೆಗೆ ಸಂಬಳ ಕೇಳದ ಕಲಾವಿದೆಯಿಂದ ಒಳ್ಳೆಯ ಹೆಸರು ಬಂತು. 1980ರ ದಶಕದ ಆರಂಭದಲ್ಲಿಯೇ ಲಾರಿಗೆ ಮೂವರಿದ್ದ ತಂಡವನ್ನು ಇಬ್ಬರಿಗೆ ಇಳಿಸಲಾಯಿತು. ಉಳಿತಾಯದಲ್ಲಿ ಒಂದು ಪಾಲನ್ನು ಕಾರ್ಮಿಕರಿಗೆ ಕೊಡುವ ಒಪ್ಪಂದವೂ ಆಯಿತು. ಅದು ಯೂನಿಯನ್ನಿಗೂ ನಗರಾಡಳಿತಕ್ಕೂ ನಡುವಿನ ಚೌಕಾಸಿ, ಕೈಕುಲುಕಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಇನ್ನೊಂದು ತಕರಾರು ದಾಖಲೆಗಳ ಬಗ್ಗೆ. ಉಳಿದಿರುವ ಚಿತ್ರಗಳಲ್ಲಿ ಪ್ರತಿ ಸಲವೂ ಬದಲಾಗುವ ಮುಖ ಕಾರ್ಮಿಕನದು, ಬದಲಾಗದ ಮುಖ ಯುಕಲೀಸ್ ಅವರದು. ಹಾಗಾಗಿ ನೋಡುವವರ ನೆನಪಿನಲ್ಲಿ ಒಬ್ಬರ ಮುಖವೂ ಉಳಿದವರ ಸಂಖ್ಯೆಯೂ ಉಳಿಯುತ್ತವೆ. ಇದು ಕ್ಯಾಮೆರಾ ಇಟ್ಟುಕೊಂಡು ಮಾಡುವ ಯಾವುದೇ ಭೇಟಿಯ ಪಾಡು ಎನ್ನಬಹುದು, ಆದರೆ ತಕರಾರು ಅಷ್ಟಕ್ಕೇ ಕರಗುವುದಿಲ್ಲ. ಆಗ ಇಲಾಖೆಯ ಕಸ ಎತ್ತುವ ಕೆಲಸದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದನ್ನೂ ಸೇರಿಸಬೇಕು. ಮೊದಲ ಮಹಿಳೆಯರು ನೇಮಕವಾದದ್ದು 1986ರಲ್ಲಿ. ಮನೆಯ ಕಸ ಗುಡಿಸುವುದು ಹೆಂಗಸಿನ ಪಾಲು, ಊರಿನ ಕಸ ಎತ್ತಿ ಸಂಬಳ ಪಡೆಯುವುದು ಗಂಡಸಿನ ಪಾಲು ಎಂಬ ಹಂಚಿಕೆಯ ಗೆರೆಯ ಮೇಲೆಯೇ ಯುಕಲೀಸ್ ಹನ್ನೊಂದು ತಿಂಗಳು ನಿಂತಿದ್ದರು.

ಅವರು ಇಲಾಖೆಯನ್ನು ಬಿಟ್ಟು ಹೋಗಲಿಲ್ಲ. 1983ರಲ್ಲಿ ಒಂದು ಕಸದ ಲಾರಿಯ ಮೈಗೆ ಪೂರ್ತಿ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಕಳಿಸಿದರು. ಲಾರಿಯನ್ನು ನೋಡಲು ಹೋದವರಿಗೆ ಅದರಲ್ಲಿ ಕಂಡದ್ದು ತಮ್ಮದೇ ಮುಖ. ಮುಂದಿನ ದಶಕಗಳಲ್ಲಿ ಅವರು ಸ್ಟೇಟನ್ ದ್ವೀಪದ ಫ್ರೆಶ್ ಕಿಲ್ಸ್ ಕಸದ ಗುಡ್ಡದ ಕುರಿತು ಕೆಲಸ ಮಾಡಿದರು. 2015ರಲ್ಲಿ ನ್ಯೂಯಾರ್ಕ್ ನಗರಾಡಳಿತ ತನ್ನ ಬೇರೆ ಇಲಾಖೆಗಳಲ್ಲೂ ಕಲಾವಿದರನ್ನು ಇರಿಸುವ ಯೋಜನೆ ತಂದಾಗ ಅವರ ಹುದ್ದೆಯೇ ಅದಕ್ಕೆ ಮಾದರಿಯಾಯಿತು. ಇವೆಲ್ಲಕ್ಕೂ ಪ್ರತ್ಯೇಕ ಅಧ್ಯಯನ ಬೇಕು.

ಬ್ರೂಕ್ಲಿನ್‌ನ ಮೆಟ್ಟಿಲಿಗೆ ಬರೋಣ. 1984ರ ಸೆಪ್ಟೆಂಬರಿನಲ್ಲಿ ಯುಕಲೀಸ್ ಈ ಕೃತಿಯ ಪ್ರದರ್ಶನವನ್ನು ಎರಡು ಕಡೆ ಏರ್ಪಡಿಸಿದರು: ಹಡ್ಸನ್ ನದಿಯ ದಂಡೆಯ 59ನೇ ಬೀದಿಯ ಕಸ ವರ್ಗಾವಣೆ ಕೇಂದ್ರದಲ್ಲಿ ಒಂದು, ಸೋಹೊ ಬಡಾವಣೆಯ ರೊನಾಲ್ಡ್ ಫೆಲ್ಡ್‌ಮನ್ ಗ್ಯಾಲರಿಯಲ್ಲಿ ಇನ್ನೊಂದು. ಮೊಂಗೊ ಕುರ್ಚಿಗಳಿದ್ದ ಹಳೆಯ ಠಾಣೆಯ ಕೋಣೆಯೊಂದು ಗ್ಯಾಲರಿಯೊಳಗೆ ಬಂತು. ಹನ್ನೊಂದು ತಿಂಗಳಲ್ಲಿ ಕಾರ್ಮಿಕರು ತಮ್ಮನ್ನು ಜನ ಏನೆಂದು ಕರೆಯುತ್ತಾರೆಂದು ಹೇಳಿದ್ದ ಕೆಟ್ಟ ಹೆಸರುಗಳನ್ನೆಲ್ಲ ಯುಕಲೀಸ್ ಗ್ಯಾಲರಿಯ ಬೀದಿಬದಿಯ ಎತ್ತರದ ಗಾಜುಗಳ ಮೇಲೆ ಬರೆಸಿದರು. ಅದರ ಮುಂದೆ, ಆ ಕಾರ್ಮಿಕ ಹೇಳಿದ್ದ ಮನೆಯ ಮೆಟ್ಟಿಲುಗಳಂಥದೇ ಮೆಟ್ಟಿಲುಗಳನ್ನು ಕಟ್ಟಿಸಿದರು. ಸಮಾಜದ ಬೇರೆ ಬೇರೆ ವಲಯಗಳಿಂದ ಜನರನ್ನು ಆಹ್ವಾನಿಸಿ, ಅವರ ಕೈಗೆ ನೀರು, ಬಟ್ಟೆ ಕೊಟ್ಟು, ಗಾಜಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಅವರಿಂದಲೇ ಉಜ್ಜಿಸಿ ತೊಳೆಸಿದರು.